ಪಡೆದವರೇ ಹಿಂದಿರುಗಿಸತಕ್ಕದ್ದು

ಮಧ್ಯಾಹ್ನ ಎರಡೂಮುಕ್ಕಾಲಿಗೆ ನನ್ನ ಗಂಡ ರೈಲಿನೊಳಗಿಂದ ಫೋನ್ ಮಾಡಿ, ಕರೆಂಟ್ ಇಲ್ಲವೆಂದು ನನ್ನ ಮೇಲೆ ರೇಗಿದರು.

"ಅರ್ಧ ದಾರೀಲಿ ನಿಂತುಬಿಟ್ಟಿದೆ ಕಣೇ. ಫ್ಯಾನೂ ಇಲ್ಲ, ಏನೂ ಇಲ್ಲ. ನೀವೆಲ್ಲ ಅಲ್ಲಿ ಕೂತ್ಕೊಂಡು ಏನ್ ಮಾಡ್ತಿದೀರಿ?"

"ರೀ, ಒಂದ್ಸಲ ನಿಮ್ಮ ಷರ್ಟಿನ ಜೇಬು ನೋಡ್ಕೊಳ್ಳಿ," ಎಂದೆ.

ಆ ಕಡೆಯಿಂದ ಕಾಗದ ಬಿಚ್ಚುವ ಸದ್ದು ಕೇಳಿಸಿತು. ಆಮೇಲೆ, "ಅಯ್ಯಯ್ಯೋ," ಎಂದರು.

ನಾನು ಸಬ್‌ಸ್ಟೇಷನ್ನಿನಲ್ಲಿ ಆಪರೇಟರ್. ಇವರು ಹೈಟೆನ್ಷನ್ ಲೈನಿನ ಫೋರ್‌ಮನ್. ರೈಲು ಹಳಿಯ ಪಕ್ಕದಲ್ಲೇ ಟವರಿನಿಂದ ಟವರಿಗೆ ಹಾಯ್ದು ಹೋಗುವ ಆ ಲೈನೇ ರೈಲಿಗೂ ಕರೆಂಟ್ ಒದಗಿಸುವುದು. ಅದರ ಮೇಲೆ ಯಾರೇ ಕೈಯಿಡಬೇಕಾದರೂ ಮೊದಲು ನನ್ನಿಂದ ಪರ್ಮಿಟ್ ಪಡೆಯಬೇಕು. ನಾನು ಲೈನ್ ಆಫ್ ಮಾಡಿ, ಬೀಗ ಹಾಕಿ, 'ಜನ ಕೆಲಸದಲ್ಲಿದ್ದಾರೆ' ಎಂಬ ಕೆಂಪು ಹಲಗೆ ತೂಗುಹಾಕಿ ಕಾಗದ ಕೊಡುತ್ತೇನೆ. ಕೆಲಸ ಮುಗಿದ ಮೇಲೆ ಆ ಕಾಗದ ವಾಪಸು ಬಂದು, ರಿಜಿಸ್ಟರಿನಲ್ಲಿ ಸಹಿ ಬೀಳುವವರೆಗೂ ಬೀಗ ತೆಗೆಯುವಂತಿಲ್ಲ. ಕಾಗದದ ಅಡಿಯಲ್ಲಿ ದಪ್ಪಕ್ಷರದಲ್ಲಿ ಅಚ್ಚಾಗಿದೆ: 'ಪಡೆದವರೇ ಹಿಂದಿರುಗಿಸತಕ್ಕದ್ದು.' ಇದನ್ನು ಓದಲು ಕನ್ನಡಕ ಕೂಡ ಬೇಡ.

ಇವರು ಕೆಲಸ ಮುಗಿಸಿ, ಗ್ಯಾಂಗಿನವರನ್ನು ವ್ಯಾನಿನಲ್ಲಿ ಕಳಿಸಿ, ಪರ್ಮಿಟ್ಟನ್ನು ಜೇಬಿನಲ್ಲೇ ಇಟ್ಟುಕೊಂಡು ರೈಲು ಹತ್ತಿದ್ದರು. ಅಷ್ಟು ಹೊತ್ತೂ ರೈಲುಗಳು ಮಾರ್ಗದ ಇನ್ನೊಂದು ತುದಿಯಿಂದ ಬರುವ ಬೇರೆ ಲೈನಿನ ಕರೆಂಟಿನಲ್ಲಿ ಓಡುತ್ತಿದ್ದವು. ಎರಡೂವರೆಗೆ ಅದು ಕೈಕೊಟ್ಟಿತು. ಈಗ ಇವರ ರೈಲು ಹೊರಡಬೇಕಾದರೆ ಇವರೇ ಇಳಿದು ಬಂದು ನನ್ನ ಮುಂದೆ ಸಹಿ ಹಾಕಬೇಕು.

"ಅಷ್ಟೊಂದು ಅವಸರ ಏನಿತ್ತು ನಿಮಗೆ?"

"ಮೂರು ಗಂಟೆಗೆ ನೀರಿನ ಮೋಟರ್ ರಿಪೇರಿಯವನು ಬರ್ತಾನೆ, ಮನೇಲಿರಿ ಅಂತ ನೀನೇ ತಾನೇ ಹೇಳಿದ್ದು?"

ಹನ್ನೆರಡು ವರ್ಷದ ಸಂಸಾರದಲ್ಲಿ ನಾನು ಹೇಳಿದ್ದನ್ನು ಇವರು ನೆನಪಿಟ್ಟುಕೊಂಡದ್ದು ಇದೇ ಮೊದಲು. ಅದಕ್ಕೂ ಇವತ್ತೇ ಆಗಬೇಕಿತ್ತು.

"ನಾಲ್ಕು ಕಿಲೋಮೀಟರ್ ಇರಬೇಕು ಕಣೇ. ಈ ಬಿಸಿಲಲ್ಲಿ ಹೇಗೆ ಬರ್ಲಿ? ರಿಜಿಸ್ಟರಲ್ಲಿ ನೀನೇ ಹಾಕ್ಬಿಡು, ಕಾಗದ ಸಂಜೆ ತಂದ್ಕೊಡ್ತೀನಿ. ನನ್ನ ಸೈನು ನನಗಿಂತ ನಿನಗೇ ಚೆನ್ನಾಗಿ ಬರುತ್ತೆ."

ಅದೂ ಸುಳ್ಳಲ್ಲ. ಮಗಳ ಮಾರ್ಕ್ಸ್‌ಕಾರ್ಡು, ಪಾರ್ಸೆಲ್ಲಿನ ರಸೀತಿ, ಬಾಡಿಗೆ ಕರಾರು, ಎಲ್ಲದರ ಮೇಲೂ ಇರುವ ಇವರ ಸಹಿ ನನ್ನದೇ.

"ಕೆಲಸ ಎಲ್ಲಾ ಮುಗಿದಿದೆಯಾ?"

"ಎಲ್ಲಾ ಮುಗೀತು. ಲೈನ್ ಕ್ಲೀನಾಗಿದೆ, ಜನ ಎಲ್ಲಾ ಕೆಳಗಿಳಿದ್ರು."

"ಗ್ಯಾಸ್ ಆಫ್ ಮಾಡಿದೀನಿ ಅಂತಾನೂ ದಿನಾ ಹೀಗೇ ಹೇಳ್ತೀರಿ. ಇಳಿದು ನಡ್ಕೊಂಡು ಬನ್ನಿ. ನಿಮ್ಮ ಲೈನಿನ ಕೆಳಗೇ ಬನ್ನಿ, ದಾರಿ ತಪ್ಪಲ್ಲ."

ಗೊಣಗುತ್ತಾ ಫೋನಿಟ್ಟರು.

ಆಮೇಲಿನ ಒಂದು ಗಂಟೆಯನ್ನು ನನ್ನ ಶತ್ರುವಿಗೂ ಕೊಡಬೇಡಿ. ರೈಲ್ವೆ ಕಂಟ್ರೋಲಿನವರು ಐದೈದು ನಿಮಿಷಕ್ಕೆ ಫೋನ್ ಮಾಡಿ ನಿಂತ ರೈಲುಗಳ ಸಂಖ್ಯೆ ಹೇಳುತ್ತಿದ್ದರು: ಮೂರು, ಐದು, ಏಳು. ನಡುವೆ ಅತ್ತೆಯ ಫೋನು. "ಮೋಟರ್‌ನವನು ಬಂದು ಕೂತಿದಾನಮ್ಮ, ಇವನೆಲ್ಲಿ ಹೋದ?" ದಾರಿಯಲ್ಲಿದ್ದಾರೆ ಅತ್ತೆ, ಎಂದೆ. ಯಾವ ದಾರಿ ಎಂದು ಹೇಳಲಿಲ್ಲ. ಮೂರೂವರೆಯಾದರೂ ಇವರ ಸುಳಿವಿಲ್ಲ. ಫೋನ್ ಮಾಡಿದರೆ ಸ್ವಿಚ್ಡ್ ಆಫ್. ರಾತ್ರಿ ಚಾರ್ಜಿಗೆ ಹಾಕಲು ಮರೆತಿರುತ್ತಾರೆ, ಇನ್ನೇನು. ಯಾವುದೋ ಮರದ ನೆರಳಲ್ಲಿ ಯಾರೊಂದಿಗೋ ಹರಟುತ್ತಾ ಕೂತಿರುತ್ತಾರೆ ಎಂದು ಹಲ್ಲು ಕಡಿದೆ.

ಅಷ್ಟರಲ್ಲಿ ಮೇಲಧಿಕಾರಿಯ ಫೋನು.

"ನೋಡಮ್ಮ, ಗ್ಯಾಂಗಿನವರು ಆಫೀಸಿಗೆ ಬಂದಿದಾರೆ. ಆರು ಜನ ಹೋಗಿದ್ರು, ಆರು ಜನಾನೂ ನನ್ನ ಕಣ್ಣೆದುರಿಗೇ ನಿಂತಿದಾರೆ. ಕೆಲಸ ಮುಗಿದಿದೆ ಅಂತ ನಿಮ್ಮ ಯಜಮಾನ್ರೇ ನಿಮಗೆ ಹೇಳಿದಾರೆ. ಇನ್ನೇನ್ ಬೇಕು?"

"ಸಹಿ ಬೇಕು ಸರ್."

"ಅವರೇನು ಹೊರಗಿನವರಾ? ನಿಮ್ಮ ಗಂಡ ತಾನೇ? ಹಾಕ್ಬಿಡಿ, ನಾನಿದೀನಿ."

ಕಿಟಕಿಯಾಚೆ ಒಂದು ಗೂಡ್ಸ್ ಗಾಡಿ ಹಳಿಯ ಮೇಲೆ ಬಿದ್ದುಕೊಂಡಿತ್ತು. ಏಳು ರೈಲುಗಳ ಜನ ಬೇಯುತ್ತಿದ್ದಾರೆ. ಆರೂ ಜನ ಕೆಳಗಿದ್ದಾರೆ. ನಾನು ಪೆನ್ನು ಎತ್ತಿಕೊಂಡೆ. ವೇಳೆಯ ಕಾಲಮ್ಮಿನಲ್ಲಿ ೩.೪೫ ಎಂದು ಬರೆದೆ. ಪಕ್ಕದಲ್ಲಿ ಇವರ ಸಹಿಯ ಮೊದಲ ಅಕ್ಷರವನ್ನು, ಇವರು ಹಾಕುವ ಹಾಗೆಯೇ ಬಾಲ ಎಳೆದು, ಬರೆದೂ ಆಯಿತು.

ಅಲ್ಲಿಗೆ ಕೈ ನಿಂತಿತು. ನಿಯಮ ನೆನಪಾಯಿತು ಎಂದು ಹೇಳಿದರೆ ಸುಳ್ಳಾದೀತು. ನೆನಪಾದದ್ದು ಇವರ ಮುಖ. ರಾತ್ರಿ ಊಟಕ್ಕೆ ಕೂತು, ಅತ್ತೆಯ ಮುಂದೆ ಇಡೀ ಕಥೆಯನ್ನು ನಗುನಗುತ್ತಾ ಹೇಳಿ, "ನಮ್ಮವಳು ಇದಾಳಲ್ಲ, ಎಲ್ಲಾ ನೋಡ್ಕೋತಾಳೆ," ಎನ್ನುತ್ತಾರೆ. ಪ್ರತಿ ಸಲವೂ ಇದೇ ಮಾತು. ನನಗೆ ಮೈಯೆಲ್ಲ ಉರಿದುಹೋಯಿತು. ಇವತ್ತು ನೋಡಿಕೊಳ್ಳುವುದಿಲ್ಲ. ನಡೆಯಲಿ, ಬೆವರಲಿ, ಬುದ್ಧಿ ಬರಲಿ. ಬರೆದ ಅಕ್ಷರವನ್ನು ಹೊಡೆದುಹಾಕಿದೆ.

"ಆಗಲ್ಲ ಸರ್. ಬೇಕಾದ್ರೆ ಬರವಣಿಗೇಲಿ ಆರ್ಡರ್ ಕೊಡಿ, ಕರೆಂಟ್ ಬಿಡ್ತೀನಿ."

ಬರವಣಿಗೆ ಎಂದ ಕೂಡಲೇ ಮೇಲಧಿಕಾರಿಯ ದನಿ ಇಳಿಯಿತು. ನಾಳೆ ಬೆಳಿಗ್ಗೆ ನನ್ನನ್ನು ವಿಚಾರಿಸಿಕೊಳ್ಳುವುದಾಗಿ ಹೇಳಿ ಫೋನ್ ಕುಕ್ಕಿದರು. ವಿಚಾರಿಸಿಕೊಳ್ಳಲಿ ಎಂದುಕೊಂಡೆ. ಆದರೆ ಈ ಕೆಲಸ ಹೋದರೆ ನಮ್ಮ ಮನೆ ಇವರ ನೆನಪಿನ ಶಕ್ತಿಯ ಮೇಲೆ ನಡೆಯಬೇಕು.

ನಾಲ್ಕೂ ಹತ್ತಕ್ಕೆ ಇವರು ಬಾಗಿಲಲ್ಲಿ ಕಾಣಿಸಿಕೊಂಡರು. ಮಧ್ಯಾಹ್ನದಿಂದ ಸೇರಿಸಿಟ್ಟ ಬೈಗುಳವೆಲ್ಲ ನನ್ನ ನಾಲಿಗೆ ತುದಿಯಲ್ಲೇ ಇತ್ತು. ಆದರೆ ಇವರ ಹೆಗಲ ಮೇಲೆ ಉದ್ದನೆಯ ಕೋಲೊಂದಿತ್ತು, ಅದರ ತುದಿಯಿಂದ ತಾಮ್ರದ ತಂತಿ ಜೋತಾಡುತ್ತಿತ್ತು. ಅದು ಅರ್ತಿಂಗ್ ರಾಡ್. ಕೆಲಸ ಮಾಡುವಾಗ ಲೈನಿಗೆ ಸಿಕ್ಕಿಸಿ, ತಪ್ಪಿ ಕರೆಂಟ್ ಬಂದರೆ ನೆಲಕ್ಕಿಳಿಯಲಿ ಎಂದು ಟವರಿಗೆ ಬಿಗಿಯುತ್ತಾರೆ. ಕೊನೆಯಲ್ಲಿ ಎಲ್ಲವನ್ನೂ ಬಿಚ್ಚಿ ತರಬೇಕು.

"ಇದೆಲ್ಲಿತ್ತು?"

"ಹದಿನೆಂಟನೇ ಟವರಲ್ಲಿ," ಎಂದು ಕೋಲನ್ನು ಗೋಡೆಗೆ ಒರಗಿಸಿದರು. "ಇದೊಂದನ್ನ ನಾನೇ ಬಿಚ್ಕೊಂಡು ಬರ್ತೀನಿ ಅಂತ ಹುಡುಗರಿಗೆ ಹೇಳಿದ್ದೆ. ಮರೆತೇ ಹೋಗಿತ್ತು ನೋಡು. ನಡ್ಕೊಂಡು ಬರ್ತಾ ತಲೆ ಎತ್ತಿದ್ರೆ ನೇತಾಡ್ತಿದೆ! ಹತ್ತಿ ಬಿಚ್ಚಿದೆ."

"ಒಬ್ಬರೇ?"

"ಭಯ ಏನಿದೆ? ಪರ್ಮಿಟ್ ನನ್ನ ಜೇಬಲ್ಲೇ ಇತ್ತಲ್ಲ."

"ಎಷ್ಟು ಹೊತ್ತಿಗೆ ಮೇಲಿದ್ರಿ?"

"ಮೂರೂವರೆ ದಾಟಿತ್ತು. ಇಳಿಯೋವಾಗ ಗಡಿಯಾರ ನೋಡ್ದೆ, ಮೂರೂ ಐವತ್ತು. ಯಾಕೆ?"

ನಾನು ರಿಜಿಸ್ಟರನ್ನು ಇವರ ಕಡೆಗೆ ತಿರುಗಿಸಿದೆ. ಇವರು ಜೇಬಿನಿಂದ ಪರ್ಮಿಟ್ ತೆಗೆದು ಮೇಜಿನ ಮೇಲಿಟ್ಟು, ಪುಟದ ಮೇಲೆ ಬಗ್ಗಿದರು. ೩.೪೫ ನೋಡಿದರು. ಪಕ್ಕದಲ್ಲಿ ಹೊಡೆದುಹಾಕಿದ ಅಕ್ಷರ ನೋಡಿದರು. ಬಾಲ ಎಳೆದ ರೀತಿ ನೋಡಿದರು.

"ಇದು ನಾನು ಬರೆದಿದ್ದಲ್ಲ," ಎಂದರು ಮೆಲ್ಲಗೆ.

ಇವರು ನಗುತ್ತಾರೇನೋ ಎಂದು ಕಾದೆ. ನಗಲಿಲ್ಲ. ಕುರ್ಚಿ ಎಳೆದುಕೊಂಡು ಕೂತುಬಿಟ್ಟರು. ನನಗೆ ಅಳು ಬಂತು, ಅಳು ಬಂದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು. ಅರ್ಧ ನಿಮಿಷ ಸಿಟ್ಟಾಗುವುದು ತಡವಾಗಿದ್ದರೆ ನಾನೇ ನನ್ನ ಕೈಯಾರೆ ಇವರನ್ನು ಕೊಂದುಬಿಡುತ್ತಿದ್ದೆ, ಅದೂ ಇವರದೇ ಸಹಿ ಹಾಕಿ.

ಮತ್ತೆ ಫೋನ್ ಹೊಡೆದುಕೊಳ್ಳತೊಡಗಿತು. ಇಬ್ಬರೂ ಎತ್ತಲಿಲ್ಲ.

"ಕೆಳಗಿನ ಸಾಲಲ್ಲಿ ಹಾಕಿ," ಎಂದೆ.

ಇವರು ಪೆನ್ನಿಗಾಗಿ ಜೇಬುಗಳನ್ನೆಲ್ಲ ತಡಕಿದರು. ತಂದಿರಲಿಲ್ಲ. ನನ್ನದನ್ನೇ ಕೊಟ್ಟೆ. ತುಕ್ಕು ಮೆತ್ತಿದ ಬೆರಳುಗಳಲ್ಲಿ ಅದನ್ನು ಹಿಡಿದು, ಅಷ್ಟೂ ಅಕ್ಷರಗಳನ್ನು ಒಂದೊಂದಾಗಿ ಬರೆದರು. ಸಹಿ ಸೊಟ್ಟಗಾಯಿತು. ನಾನು ಹಾಕಿದ್ದರೆ ಇದಕ್ಕಿಂತ ಚೆನ್ನಾಗಿ ಬರುತ್ತಿತ್ತು.