ಪಂಪಿಗೆ ಹತ್ತಕ್ಕೆ ಹತ್ತು

ನಮ್ಮ ಯಜಮಾನರು ಯಾವುದನ್ನೂ ಸುಲಭಕ್ಕೆ ಹೊಗಳುವವರಲ್ಲ. ಮದುವೆಯಾಗಿ ಮೂವತ್ತು ವರ್ಷವಾದರೂ ನನ್ನ ಅಡುಗೆಗೆ ‘ಪರವಾಗಿಲ್ಲ’ ಎನ್ನುವುದರ ಮೇಲೆ ಇನ್ನೊಂದು ಮಾತು ಬಂದಿಲ್ಲ. ಆದರೆ ಆಸ್ಪತ್ರೆಯ ನರ್ಸ್ ಒಂದು ಫಾರಂ ಕೊಟ್ಟು, ನಿಮ್ಮ ಇನ್ಹೇಲರ್‌ಗೆ ಹತ್ತಕ್ಕೆ ಎಷ್ಟು ಅಂಕ ಎಂದು ಕೇಳಿದರೆ, ಹಿಂದೆಮುಂದೆ ನೋಡದೆ ಹತ್ತು ಬರೆದರು.

“ಏನು ಕೆಲಸ ನೋಡೇ! ಒಂದು ಹನಿ ಸೋರಲ್ಲ. ನಾಲಿಗೆ ಕಹಿ ಆಗುತ್ತೆ ಅಂದ್ರೆ ಔಷಧಿ ಎಷ್ಟು ಸ್ಟ್ರಾಂಗ್ ಇರ್ಬೇಕು!” ಎಂದು ಆ ಇನ್ಹೇಲರ್ ಪಂಪನ್ನು ನನಗೆ ತೋರಿಸಿದರು. ನಲವತ್ತು ವರ್ಷ ಕಾರುಗಳಿಗೆ ಬಣ್ಣ ಹೊಡೆದು ಶ್ವಾಸಕೋಶ ಕೆಡಿಸಿಕೊಂಡವರು. ಸ್ಪ್ರೇ ಗನ್ ಬಿಟ್ಟರೂ ಅದರ ಮೋಹ ಬಿಟ್ಟಿಲ್ಲ.

ನನಗೆ ಮೈಯೆಲ್ಲ ಉರಿಯಿತು. ಅದೇ ಬೆಳಿಗ್ಗೆ ಈ ಮಹಾಶಯರನ್ನು ಪಕ್ಕದ ಮನೆಯ ಅಣ್ಣತಮ್ಮಂದಿರು ಕುರ್ಚಿಯಲ್ಲಿ ಕೂರಿಸಿ, ಮೂರನೇ ಮಹಡಿಯಿಂದ ಹೊತ್ತು ಇಳಿಸಿದ್ದರು. ನಮ್ಮ ಕಟ್ಟಡಕ್ಕೆ ಲಿಫ್ಟ್ ಇಲ್ಲ. ನಲವತ್ತೆಂಟು ಮೆಟ್ಟಿಲು ಮುಗಿಯುವವರೆಗೂ ಇವರು ನಾಚಿಕೆಯಿಂದ ಕಣ್ಣು ಬಿಟ್ಟಿರಲಿಲ್ಲ. ಮುಂದಿನ ತಿಂಗಳ ತಪಾಸಣೆಗೆ ಇವರು ತಮ್ಮ ಕಾಲ ಮೇಲೆಯೇ ಇಳಿಯಬೇಕು ಎಂದು ನಾನು ಅಲ್ಲೇ ಹಟ ತೊಟ್ಟೆ.

“ತಗೊಳ್ತಿದೀರಾ ಅಂತ ಎಲ್ರೂ ಕೇಳ್ತೀರಿ. ಹೇಗೆ ತಗೊಳ್ತಾರೆ ಅಂತ ಒಂದ್ಸಲ ನೋಡಮ್ಮ,” ಎಂದು ನರ್ಸ್‌ಗೆ ಹೇಳಿದೆ.

ಇವರು ಗತ್ತಿನಿಂದ ಪಂಪು ಕುಲುಕಿ, ಬಾಯಿಗಿಟ್ಟು ಒತ್ತಿದರು.

“ಯಜಮಾನ್ರೇ, ಒತ್ತಿದ ತಕ್ಷಣ ಉಸಿರು ಯಾಕೆ ನಿಲ್ಲಿಸ್ತೀರಿ?” ಎಂದಳು ನರ್ಸ್.

“ನಿಲ್ಲಿಸಿದ್ನಾ?”

ಮತ್ತೆ ಒತ್ತಿದರು. ಮತ್ತೆ ನಿಂತಿತು. ಔಷಧಿಯೆಲ್ಲ ನಾಲಿಗೆಯ ಮೇಲೆ! ಆಗ ನನಗೆ ಹೊಳೆಯಿತು. ಗನ್ನಿನ ಟ್ರಿಗರ್ ಒತ್ತುವಾಗ ಉಸಿರು ಬಿಗಿಹಿಡಿಯಬೇಕು, ಬಣ್ಣ ಒಳಗೆ ಹೋಗಬಾರದು ಎಂದು ಹದಿನಾರನೇ ವಯಸ್ಸಿನಲ್ಲಿ ಇವರಿಗೆ ಮೇಸ್ತ್ರಿ ಕಲಿಸಿದ್ದರು.

ನಿಧಾನವಾಗಿ ಉಸಿರೆಳೆಯುತ್ತಲೇ ಒತ್ತಬೇಕು ಎಂದು ನರ್ಸ್ ತೋರಿಸಿಕೊಟ್ಟಳು. ಮನೆಯಲ್ಲಿ ನಾಲ್ಕು ದಿನ ಹೆಣಗಿದೆವು. ಬೆರಳು ಒತ್ತಿದ್ದೇ ತಡ, ಉಸಿರು ನಿಲ್ಲುತ್ತಿತ್ತು.

“ಆಗಲ್ಲ ಬಿಡೇ. ನಲವತ್ತು ವರ್ಷದ ಬೆರಳು ಇದು,” ಎಂದು ಪಂಪನ್ನು ಮಂಚದ ಮೇಲೆ ಎಸೆದರು.

“ಹಾಗಾದ್ರೆ ಆ ಬೆರಳೇ ಬೇಡ. ಕೈ ಕಟ್ಕೊಂಡು ಕೂತ್ಕೊಳ್ಳಿ. ನೀವು ಎಳೀರಿ, ಒತ್ತೋದು ನಾನು.”

ಎಳೆದರು. ಒತ್ತಿದೆ. ಉಸಿರು ನಿಲ್ಲಲಿಲ್ಲ. ಪೂರ್ತಿ ಎಳೆದ ಮೇಲೆ, ನರ್ಸ್ ಹೇಳಿದಂತೆ ನಾನು ಹತ್ತು ಎಣಿಸುವವರೆಗೆ ಹಿಡಿದಿಟ್ಟು, ಬಿಟ್ಟು, ಬಾಯಿ ಚಪ್ಪರಿಸಿದರು.

“ಕಹಿನೇ ಇಲ್ವಲ್ಲೇ!”

ಅಂದಿನಿಂದ ಎರಡು ಹೊತ್ತೂ ನಾನೇ ಒತ್ತಿದೆ. ಮೊದಲ ವಾರ ಬಾಗಿಲವರೆಗೆ ನಡೆಸಿದೆ, ಆಮೇಲೆ ಒಂದು ಮಹಡಿ ಇಳಿಸಿ ಹತ್ತಿಸಿದೆ. ಬಾಯಿಗೆ ಬಂದಂತೆ ಬೈದರೂ ಬಿಡಲಿಲ್ಲ.

ತಪಾಸಣೆಯ ದಿನ ಪಕ್ಕದ ಮನೆಯವರು ಕುರ್ಚಿ ಹಿಡಿದು ಬಂದರು. “ಅದ್ರಲ್ಲಿ ನೀವೇ ಕೂತ್ಕೊಳ್ರಪ್ಪ,” ಎಂದು ಇವರು ಕಂಬಿ ಹಿಡಿದು ಇಳಿದೇಬಿಟ್ಟರು. ನಡುವೆ ಎರಡು ಕಡೆ ನಿಂತು ಸುಧಾರಿಸಿಕೊಂಡರು, ಅಷ್ಟೇ. ಹಿಂದೆ ನಾನು ಅಳುತ್ತಲೇ ಇಳಿದೆ. ಸದ್ಯ, ಅವರು ತಿರುಗಿ ನೋಡಲಿಲ್ಲ.

ನರ್ಸ್ ಅದೇ ಫಾರಂ ಕೊಟ್ಟಳು. ಈ ಸಲ ಏಳು ಬರೆದರು.

“ಅಯ್ಯೋ, ನಡ್ಕೊಂಡು ಬಂದ್ಮೇಲೆ ಅಂಕ ಕಡಿಮೆ ಮಾಡಿದ್ರಲ್ಲ!” ಎಂದಳು ನರ್ಸ್.

“ಅದು ಪಂಪಿಗಲ್ಲಮ್ಮ, ಇವಳ ಬೆರಳಿಗೆ. ಉಳಿದ ಮೂರು ನನ್ನ ಬೆರಳು ಕಲಿತ ಮೇಲೆ.”

ಮೂವತ್ತು ವರ್ಷದಲ್ಲಿ ನನಗೆ ಬಂದ ಮೊದಲ ಅಂಕ ಅದು. ಸಂಜೆ ಔಷಧಿಯ ಹೊತ್ತಿಗೆ ಪಂಪನ್ನು ನನ್ನ ಕೈಯಿಂದ ಕಸಿದುಕೊಂಡು, “ಎಣಿಸು,” ಎಂದರು.