ಅರ್ಧಕ್ಕೆ ನಿಂತ ಮಾತು

"ನಮ್ಮ ಇನ್‌ಸುಕ್ ಹುಟ್ಟಿದ್ದು ಮೂಲಂಗಿ ಕೀಳೋ..." ಎಂದ ಅಮ್ಮ ರೈಲಿನ ಸದ್ದಿಗೆ ಥಟ್ಟನೆ ಮಾತು ನಿಲ್ಲಿಸಿದಳು. ಕೈಯಲ್ಲಿದ್ದ ಚಮಚವೂ ಗಾಳಿಯಲ್ಲೇ ನಿಂತಿತು. ಮಗಳ ಭಾವೀ ಅತ್ತೆಯ ಜೊತೆ ಊಟಕ್ಕೆ ಕೂತಿದ್ದ, ಸುವನ್ ಪಟ್ಟಣದ ಆ ಹೋಟೆಲಿನ ಕಿಟಕಿಗಾಜು ನಡುಗಿ ಸುಮ್ಮನಾದ ಮೇಲೆ, ಏನೂ ಆಗದವಳಂತೆ, "...ಕಾಲದಲ್ಲಿ!" ಎಂದು ಕೂಗಿ ಮುಗಿಸಿದಳು.

ಪಕ್ಕದ ಮೇಜಿನವರು ತಿರುಗಿ ನೋಡಿದರು. ಇನ್‌ಸುಕ್ ತಟ್ಟೆಯ ಕಡೆ ತಲೆ ತಗ್ಗಿಸಿದಳು.

ಅವರ ಊರಿನಲ್ಲಿ ಎಲ್ಲರೂ ಮಾತಾಡುವುದೇ ಹಾಗೆ, ಕೂಗಿ. ದಡದೆದುರು ಗುಲ್‌ಸೊಮ್ ದ್ವೀಪ. ಕೆಂಪು ಬಾವುಟ ಏರಿದರೆ ಸೇನೆಯ ವಿಮಾನಗಳು ಬಂದು ಅಭ್ಯಾಸಕ್ಕೆಂದು ಅದರ ಮೇಲೆ ಬಾಂಬು ಹಾಕುತ್ತವೆ. ಬಾವುಟ ಇಳಿದರೆ ಹೆಂಗಸರು ಕೆಸರಿಗಿಳಿದು ಸಿಂಪಿ ಆಯುತ್ತಾರೆ. ವಿಮಾನ ಬಂದಾಗ ಮಾತು ನಿಲ್ಲಬೇಕು, ಹೋದ ಮೇಲೆ ಬಿಟ್ಟ ಪದದಿಂದಲೇ ಹಿಡಿಯಬೇಕು. ಇದು ವಿಚಿತ್ರವೆಂದು ಇನ್‌ಸುಕ್‌ಗೆ ಗೊತ್ತಾದದ್ದು ಪಟ್ಟಣದಲ್ಲಿ ಕೆಲಸಕ್ಕೆ ಸೇರಿದ ಮೇಲೆ. "ಏ ಬಾಂಬೂರಿನವಳೇ, ನಮಗೆ ಕಿವಿ ಕೇಳಿಸ್ತದೆ ಕಣೇ!" ಎಂದು ಜೊತೆಯವರು ನಗುತ್ತಿದ್ದರು. ಆರು ತಿಂಗಳಲ್ಲಿ ಅವಳು ಮೆಲ್ಲಗೆ ಮಾತಾಡುವುದನ್ನು ಕಲಿತಳು. ಮದುವೆಯಾಗಲಿರುವ ಕಿಹ್ವಾನ್‌ಗೆ, ತನ್ನದು ಕಡಲ ಕಡೆಯ ಒಂದೂರು ಎಂದಷ್ಟೇ ಹೇಳಿದ್ದಳು.

"ಸಿಂಪಿ ಒಡೆದೂ ಒಡೆದೂ ಇವಳ ಕೈ ಒರಟು ಬೀಗಿತ್ತಿಯವರೇ, ಆದ್ರೆ ಬಾಯಿ ಮೆತ್ತಗೆ. ನನ್ನ ಥರ ಡೋಲು ಅಲ್ಲ!" ಅಮ್ಮ ತನ್ನ ಮಾತಿಗೆ ತಾನೇ ನಕ್ಕಳು.

ಕಿಹ್ವಾನನ ತಾಯಿಯೂ ನಕ್ಕರು. ಆಮೇಲೆ ಇನ್‌ಸುಕ್ ಕಡೆ ಬಾಗಿ, "ನಿಮ್ಮಮ್ಮನಿಗೆ ಕಿವಿ ಸ್ವಲ್ಪ ಮಂದ ಅಲ್ವಾ? ತಪ್ಪು ತಿಳೀಬೇಡಮ್ಮ, ನಾಳೆ ಮೊಮ್ಮಕ್ಕಳಾಗೋ ಮಾತು... ವಂಶದಲ್ಲೇ ಇದೆಯಾ?" ಎಂದರು.

ಅಮ್ಮನ ಕಿವಿ ಮಂದವಾದದ್ದು ಬಾಂಬಿನ ಸದ್ದಿಗೆ; ದ್ವೀಪದ ಹೆಸರು ಹೇಳಿದ್ದರೆ ಮುಗಿಯುತ್ತಿತ್ತು. ಅದು ನಾಲಗೆಯ ತುದಿಗೂ ಬಂದಿತ್ತು.

"ಇಲ್ಲ ಅತ್ತೆ. ಚಿಕ್ಕವಳಿದ್ದಾಗ ಅಮ್ಮನಿಗೆ ದಡಾರ ಆಗಿತ್ತಂತೆ. ಆಗಿನಿಂದ ಹೀಗೆ."

ಅಮ್ಮನಿಗೆ ಕೇಳಿಸಬಾರದೆಂದೇ ಪಿಸುಗುಟ್ಟಿದ್ದಳು. ಆದರೆ ಸದ್ದಿನ ನಡುವೆ ತುಟಿ ನೋಡಿಯೇ ಮಾತು ತಿಳಿಯುವ ಹೆಂಗಸು ಅವಳ ಅಮ್ಮ. ಚಮಚ ಕೆಳಗಿಟ್ಟಳು.

"ಹೌದು ಬೀಗಿತ್ತಿಯವರೇ. ದಡಾರ. ನಂಗಾಗ ಏಳು ವರ್ಷ."

ಪಕ್ಕದಲ್ಲೇ ಕೂತಿದ್ದ ಇನ್‌ಸುಕ್‌ಗೂ ಕಷ್ಟಪಟ್ಟು ಕೇಳಿಸುವಷ್ಟು ಮೆಲ್ಲಗೆ ಹೇಳಿದಳು. ಅಷ್ಟು ಸಣ್ಣ ದನಿ ಅಮ್ಮನಲ್ಲಿ ಇತ್ತೆಂದು ಮಗಳಿಗೆ ಗೊತ್ತಿರಲಿಲ್ಲ. ಕಿಹ್ವಾನನ ತಾಯಿ ನಿರಾಳವಾಗಿ ಅಮ್ಮನ ಲೋಟಕ್ಕೆ ಬಾರ್ಲಿ ನೀರು ಸುರಿದರು. ಊಟ ಮುಗಿಯುವ ಹೊತ್ತಿಗೆ ಮದುವೆಯ ದಿನ ನಿಶ್ಚಯವಾಯಿತು. ಅಮ್ಮ, ಮಗಳು ಊರಿನ ಬಸ್ಸು ಹತ್ತಿದರು.

ಮರುದಿನ ಬಾವುಟ ಏರಿತ್ತು. ಹೆಂಗಸರು ಅಂಗಳದಲ್ಲಿ ಸಿಂಪಿ ಒಡೆಯುತ್ತ ಕೂತಿದ್ದರು. ಇನ್‌ಸುಕ್ ಚಿಪ್ಪಿನ ಬುಟ್ಟಿ ಹತ್ತಿರ ಎಳೆದುಕೊಂಡಳು.

"ಏನೇ ಇನ್‌ಸುಕ್ ಅಮ್ಮ, ಬೀಗರು ಹೆಂಗೆ? ನಿನ್ನ ಗಂಟಲು ಕೇಳಿ ಎದ್ದು ಓಡಲಿಲ್ವಾ?" ಪಕ್ಕದ ಮನೆಯವಳು ಕೂಗಿದಳು.

"ಒಳ್ಳೇ ಜನ ಕಣೇ. ನನ್ನ ಕಿವಿ ವಿಷಯ ಬಂದಾಗ ನಮ್ಮ ಇನ್‌ಸುಕ್..."

ವಿಮಾನ ಬಂತು. ಎಲ್ಲರ ಬಾಯಿ ನಿಂತಿತು. ಗುಲ್‌ಸೊಮ್‌ನ ಮೇಲೆ ಮಣ್ಣು ಎದ್ದು, ನಿಧಾನವಾಗಿ ನೀರಿಗೆ ಬಿತ್ತು. ಸದ್ದು ಅಡಗಿದ ಮೇಲೆ ಹೆಂಗಸರೆಲ್ಲ ಉಳಿದ ಮಾತಿಗಾಗಿ ಅಮ್ಮನ ಮುಖ ನೋಡಿದರು.

ಅಮ್ಮ ಇನ್ನೊಂದು ಸಿಂಪಿ ಎತ್ತಿಕೊಂಡು, ಅದರ ಬಾಯಿಯ ಸಂದಿಗೆ ಕೊಕ್ಕೆ ತೂರಿಸಿದಳು.