ಬೈರಯ್ಯನ ಎಡೆಗೆ ಬಂದ ಬಾಟಲಿ

ಕಣ್ಣು ಹಳದಿಯಾಗಿ, ಹೊಟ್ಟೆ ಊದಿ ಸತ್ತನೋ, ಮುಗಿಯಿತು, ಅವನು ಕುಡುಕನೇ. ಅರಕಲಗೂಡು ಕಡೆಯ ಆ ಊರಿನಲ್ಲಿ ಇದನ್ನು ತೀರ್ಮಾನಿಸಲು ಡಾಕ್ಟರೂ ಬೇಡ, ರಕ್ತಪರೀಕ್ಷೆಯೂ ಬೇಡ. ಹಾಗಾಗಿ ಬೈರಯ್ಯನ ತಿಥಿಯ ದಿನ, ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಎಡೆಗೆ ಇಡುವ ಹೊತ್ತಿನಲ್ಲಿ, ಅವನ ತಮ್ಮ ಧರ್ಮೇಂದ್ರ ಮುದ್ದೆ, ಬಾಡಿನ ಸಾರಿನ ಪಕ್ಕ ಒಂದು ಬ್ರಾಂದಿ ಬಾಟಲಿಯನ್ನೂ ತಂದಿಟ್ಟ.

ಬೈರಯ್ಯನ ಹೆಂಡತಿ ಪಾರ್ವತಮ್ಮನಿಗೆ ಮೈಯೆಲ್ಲ ಉರಿದುಹೋಯಿತು. “ಇದ್ಯಾಕ್ಲಾ ತಂದೆ? ನಿಮ್ಮಣ್ಣ ಒಂದಿನಾನಾದ್ರೂ ಮುಟ್ಟಿದ್ನಾ?”

“ಕದ್ದು ಕುಡೀತಿದ್ದ ಕಣತ್ಗೆ. ಇಲ್ದಿದ್ರೆ ಲಿವರ್ರು ಅಂಗೆ ಯಾಕೆ ಕೆಟ್ಟೋಯ್ತದೆ? ಆಸೆ ಇಟ್ಕಂಡು ಓಗಿದ್ರೆ ಕಾಗೆ ಎಡೆ ಮುಟ್ಟಕಿಲ್ಲ.”

ಕದ್ದು ಕುಡಿಯಲು ಹೊಗೆಸೊಪ್ಪಿನ ಕೂಲಿಯಿಂದ ಬಿಡುವಿದ್ದರೆ ತಾನೆ! ಹಾಸನದ ಡಾಕ್ಟರಮ್ಮ ರಕ್ತ ನೋಡಿ, ಪಾರ್ವತಮ್ಮನನ್ನು ಕೂರಿಸಿಕೊಂಡು ಹೇಳಿದ್ದರು: ಇದು ಹೆಪಟೈಟಿಸ್ ಸಿ, ಒಬ್ಬರಿಗೆ ಚುಚ್ಚಿದ ಸೂಜಿಯನ್ನೇ ಇನ್ನೊಬ್ಬರಿಗೆ ಚುಚ್ಚಿದರೂ ಬರುತ್ತದೆ, ಮೊದಲೇ ಬಂದಿದ್ದರೆ ಮಾತ್ರೆಯಲ್ಲೇ ವಾಸಿಯಾಗುತ್ತಿತ್ತು. ಅವಳು ಊರಿಗೆಲ್ಲ ಹೇಳಿದಳು. ಊರು ನಕ್ಕಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಜನ!

ಅಷ್ಟರಲ್ಲಿ ತಿಥಿಯ ಮನೆಗೇ ಬಂದರು ನಟರಾಜ. ಹೆಪಟೈಟಿಸ್ ಸಿಯಿಂದ ಎಷ್ಟು ಜನ ಸಾಯುತ್ತಾರೆ ಎಂದು ಅಂದಾಜು ಹಾಕಲು ಹಾಸನದಿಂದ ಹೊರಟ ಆರೋಗ್ಯ ಇಲಾಖೆಯ ಸಾಹೇಬರು. ಎಂಥ ಅಂದಾಜು ಅಂತೀರಿ! ಹೊಳೆನರಸೀಪುರದಲ್ಲಿ ದೋಸೆ ತಿನ್ನುತ್ತಾ ವಿಚಾರಿಸಿದ್ದರು, ಸೊನ್ನೆ. ಚನ್ನರಾಯಪಟ್ಟಣದಲ್ಲಿ ಜೀಪಿನಿಂದ ಇಳಿಯದೆಯೇ ವಿಚಾರಿಸಿದ್ದರು, ಅಲ್ಲೂ ಸೊನ್ನೆ. ಯಾರ ರಕ್ತವನ್ನೂ ನೋಡದ ಮೇಲೆ ಯಾರಿಗೆ ತಾನೆ ರೋಗ ಇದ್ದೀತು?

ಪಾರ್ವತಮ್ಮ ಕೈಮುಗಿದು ನಿಂತಳು. ಸರ್ಕಾರದವರ ಬಾಯಲ್ಲಿ ಆ ಮಾತು ಬಂದರಾದರೂ ಊರು ನಂಬೀತು ಎಂಬ ಒಂದೇ ಆಸೆ. “ನಮ್ಮೆಜಮಾನ್ರು ಆ ಕಾಯ್ಲೆಯಿಂದ್ಲೇ ತೀರ್ಕಂಡ್ರು ಸಾ. ಇವ್ರಿಗೆಲ್ಲ ನೀವೇ ಒಂದ್ಮಾತು ಏಳಿ.”

ನಟರಾಜ ಎಡೆಯ ಕಡೆ ನೋಡಿದರು. “ಬಾಟ್ಲಿ ಅಲ್ಲೇ ಕೂತಿದೆಯಲ್ಲಮ್ಮ! ಇದು ಕುಡಿತದ ಸಾವು. ಅರಕಲಗೂಡಲ್ಲಿ ಆ ಕಾಯಿಲೆ ಇಲ್ಲವೇ ಇಲ್ಲ, ಬಿಡಿ.”

ನೆಂಟರೆಲ್ಲ ಕಿಸಕ್ಕೆಂದರು. ಪಾರ್ವತಮ್ಮ ಅಳಬಾರದೆಂದು ಸೆರಗು ಕಚ್ಚಿಕೊಂಡಳು.

ಆಮೇಲೆ ಊಟ. ಸಾಹೇಬರು ಬಾಡಿನೂಟಕ್ಕೆ ಮಾತ್ರ ಸೊನ್ನೆ ಹಾಕಲಿಲ್ಲ. ಮೂಳೆ ಚೀಪಿ ಚೀಪಿ ತಿಂದು, ಎದ್ದವರೇ ಹೊಟ್ಟೆ ಹಿಡಿದುಕೊಂಡು ಜಗಲಿಯ ಮೇಲೆ ಮುದುರಿದರು. “ಅಯ್ಯಯ್ಯಪ್ಪೋ, ಯಾರಾದ್ರೂ ಡಾಕ್ಟ್ರನ್ನ ಕರೀರಪ್ಪ!”

ಡಾಕ್ಟರು ಅಲ್ಲೇ ಇದ್ದರು. ಈಶ್ವರಯ್ಯ. ಯಾವ ಕಾಲೇಜಿನ ಮೆಟ್ಟಿಲನ್ನೂ ಹತ್ತದೆ ಊರಿಗೆಲ್ಲ ಇಂಜೆಕ್ಷನ್ ಕೊಡುವವರು. ಮೈಕೈ ನೋವೆಂದು ಬೈರಯ್ಯ ತೋಳೊಡ್ಡುತ್ತಿದ್ದದ್ದೂ ಇವರಿಗೇ. ಚೀಲದಿಂದ ಸೂಜಿ ತೆಗೆದು ಪಂಚೆಯ ತುದಿಯಲ್ಲಿ ಒರೆಸಿದರು. ನಟರಾಜ ಅಂಗಿಯ ತೋಳು ಮಡಿಸಿ ಕಣ್ಣು ಮುಚ್ಚಿಕೊಂಡರು.

ಚುಚ್ಚಿಸಿಕೊಳ್ಳಲಿ, ಅನುಭವಿಸಲಿ ಎಂದು ಪಾರ್ವತಮ್ಮನಿಗೆ ಅನ್ನಿಸದೆ ಇರಲಿಲ್ಲ. ಆದರೆ ಆ ಸಾವನ್ನು ಪಕ್ಕದಲ್ಲೇ ಕೂತು ಕಂಡವಳು. ಸುಮ್ಮನಿರಲು ಆಗಲಿಲ್ಲ.

“ಸಾ, ಬೆಳಿಗ್ಗೆ ಇನ್ಯಾರ್ಗೋ ಚುಚ್ಚಿದ ಸೂಜಿ ಅದು. ನಮ್ಮೆಜಮಾನ್ರಿಗೂ ಇಂಗೇ ಚುಚ್ತಿದ್ದಿದ್ದು.”

ನಟರಾಜ ಕಾದ ಹೆಂಚು ಮುಟ್ಟಿದವರಂತೆ ಕೈ ಎಳೆದುಕೊಂಡರು. ಹೊಟ್ಟೆನೋವು ಎಲ್ಲಿ ಹೋಯಿತೋ! “ತೆಗೀರಿ ಅದನ್ನ! ಹೆಪಟೈಟಿಸ್ ಬಂದ್ರೆ ಏನ್ರೀ ನನ್ನ ಗತಿ?”

“ಅರಕಲಗೂಡಲ್ಲಿ ಆ ಕಾಯ್ಲೆನೇ ಇಲ್ಲ ಅಂದ್ರಲ್ಲ ಸಾ,” ಎಂದಳು ಪಾರ್ವತಮ್ಮ. “ಕೈ ಯಾಕೆ ಎಳ್ಕಂಡ್ರಿ?”

ಈ ಸಲ ಯಾರೂ ನಗಲಿಲ್ಲ. ಧರ್ಮೇಂದ್ರ ಎದ್ದುಹೋಗಿ ಅಣ್ಣನ ಎಡೆಯಿಂದ ಬಾಟಲಿ ತೆಗೆದ. ಜಗಲಿಯ ತುಂಬ ಕೂತಿದ್ದ ನೆಂಟರು ಒಬ್ಬೊಬ್ಬರಾಗಿ ತಮ್ಮ ತಮ್ಮ ತೋಳು ತಡವಿಕೊಳ್ಳತೊಡಗಿದರು.